ಕೇಳಿ ಅಳಿಸಿದೆ

ನಮ್ಮ ರೇಡಿಯೋ ನಿಲಯಕ್ಕೆ ಎಪ್ಪತ್ತೈದು ತುಂಬಿದಾಗ ಅದರ ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ನಾನೇನು ಇತಿಹಾಸ ಓದಿದವಳಲ್ಲ. ಮೂವತ್ತೊಂದು ವರ್ಷ ಉದ್ಘೋಷಕಿಯಾಗಿದ್ದು ನಿವೃತ್ತಳಾದವಳು. ಬಾಯಿಬಡುಕಿ, ಹಳೆಯದೆಲ್ಲ ನೆನಪಿದೆ, ಮನೆಯಲ್ಲಿ ಸುಮ್ಮನೆ ಕೂತಿದ್ದಾಳೆ ಎಂಬ ಮೂರು ಅರ್ಹತೆ ನೋಡಿ ಆರಿಸಿದರು. ಬರೆದು ಕೊಟ್ಟೆ. ಪುಸ್ತಕದಲ್ಲಿ ಹನ್ನೆರಡು ನಿರ್ದೇಶಕರ ಫೋಟೋಗಳಿವೆ, ಮಂತ್ರಿಗಳ ಸಂದೇಶಗಳಿವೆ, ಯಾವ ವರ್ಷ ಎಷ್ಟು ಕಿಲೋವಾಟಿನ ಯಂತ್ರ ಬಂತು ಎಂಬ ಪಟ್ಟಿಯೂ ಇದೆ. ಟೇಪಕ್ಕನ ಬಗ್ಗೆ ಬರೆದ ಅಧ್ಯಾಯವನ್ನು ಮಾತ್ರ ಪುಟ ಜಾಸ್ತಿಯಾಯಿತೆಂದು ಕೈಬಿಟ್ಟರು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಟೇಪಕ್ಕ ಎಂದರೆ ನಮ್ಮ ಟೇಪು ಭಂಡಾರದ ಅಕ್ಕ. ನಿರ್ದೇಶಕರಿಂದ ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಅವಳು ಟೇಪಕ್ಕನೇ. ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಒಂದು ಉದ್ದನೆಯ ಕೋಣೆ, ಸಾಲು ಸಾಲು ಕಬ್ಬಿಣದ ಕಪಾಟು, ಬಾಗಿಲ ಪಕ್ಕ ಅವಳ ಮೇಜು. ಇಡೀ ಕಟ್ಟಡದಲ್ಲಿ ತಣ್ಣಗಿದ್ದದ್ದು ಅದೊಂದೇ ಕೋಣೆ. ಜನ ಬೆವರಿದರೂ ಟೇಪು ಬೆವರಬಾರದು ಎಂದು ಅಲ್ಲಿಗೆ ಮಾತ್ರ ತಂಪು ಯಂತ್ರ ಹಾಕಿಸಿದ್ದರು. ಬೇಸಿಗೆ ಬಂತೆಂದರೆ ದೊಡ್ಡ ದೊಡ್ಡ ಅಧಿಕಾರಿಗಳಿಗೆಲ್ಲ ಅಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಟೇಪಕ್ಕ ತಲೆಯೆತ್ತದೆ, "ಯಾವ ಟೇಪು ಬೇಕಿತ್ತು?" ಎನ್ನುತ್ತಿದ್ದಳು. ಉತ್ತರವಿಲ್ಲದವರು ಎದ್ದು ಹೋಗುತ್ತಿದ್ದರು.

ಆ ಕಾಲದ ವಿಷಯ ಇಂದಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಮೊದಲ ಇಪ್ಪತ್ತು ವರ್ಷ ನಮ್ಮ ರೇಡಿಯೋದಲ್ಲಿ ಎಲ್ಲವೂ ನೇರ ಪ್ರಸಾರ. ಹಾಡಿದವರ ಹಾಡು, ಓದಿದವರ ಸುದ್ದಿ ಅಲ್ಲಿಗೇ ಮುಗಿಯಿತು. ಆಮೇಲೆ ಟೇಪು ಬಂತು, ಅದೂ ಪರದೇಶದಿಂದ. ಒಂದೊಂದು ಸುರುಳಿಯನ್ನೂ ಹತ್ತಾರು ಸಲ ಬಳಸುತ್ತಿದ್ದರು. ಪ್ರಸಾರವಾಗಿ ಮೂವತ್ತು ದಿನಕ್ಕೆ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಕೊಡಬೇಕು. ಉಳಿಸಬೇಕಾದರೆ ನಿರ್ದೇಶಕರು ಡಬ್ಬಿಯ ಮೇಲೆ ಕೆಂಪು ಪೆನ್ಸಿಲಿನಲ್ಲಿ 'ಇಡಿ' ಎಂದು ಬರೆಯಬೇಕು. ಅವರು 'ಇಡಿ' ಎಂದು ಬರೆಯುತ್ತಿದ್ದದ್ದು ಮಂತ್ರಿಗಳ ಭಾಷಣಕ್ಕೆ. ಹಾಗಾಗಿ ಸೇತುವೆ ಉದ್ಘಾಟನೆಗಳು ನಮ್ಮಲ್ಲಿ ಇಪ್ಪತ್ತಾರಿವೆ, ಬೇಕಾದವರು ಬಂದು ಕೇಳಬಹುದು. ಬೇರೆಯದೆಲ್ಲ ಅಳಿಸುವ ಯಂತ್ರದ ಮೇಲೆ ಹೋಯಿತು. ಅದೊಂದು ಚಪ್ಪಟೆ ಕಬ್ಬಿಣದ ಪೆಟ್ಟಿಗೆ, ಒಳಗೆ ಅಯಸ್ಕಾಂತ. ನಾವು ಅದನ್ನು ಒಲೆ ಎನ್ನುತ್ತಿದ್ದೆವು. ಕೈಗಡಿಯಾರ ಕಟ್ಟಿಕೊಂಡು ಅದರ ಹತ್ತಿರ ಹೋದರೆ ಗಡಿಯಾರ ಕೆಟ್ಟಿತೆಂದೇ ಲೆಕ್ಕ. ಟೇಪಕ್ಕ ಗಡಿಯಾರ ಬಿಚ್ಚಿ ಮೇಜಿನ ಖಾನೆಯಲ್ಲಿಟ್ಟು, ಸುರುಳಿಯನ್ನು ಒಲೆಯ ಮೇಲೆ ಮೂರು ಸುತ್ತು ತಿರುಗಿಸಿ, ನಿಧಾನಕ್ಕೆ ಮೇಲೆತ್ತುತ್ತಿದ್ದಳು. ಅರ್ಧ ನಿಮಿಷದ ಕೆಲಸ, ಅರ್ಧ ಗಂಟೆಯ ಮಾತು ಹೋಗುತ್ತಿತ್ತು.

ಆದರೆ ಟೇಪಕ್ಕ ಒಂದು ಟೇಪನ್ನೂ ಕೇಳದೆ ಅಳಿಸಿದವಳಲ್ಲ. ನಿಯಮ ಹಾಗೆ ಹೇಳಿರಲಿಲ್ಲ, ಯಾರೂ ಕೇಳಿಕೊಂಡಿರಲೂ ಇಲ್ಲ. ಅವಳೇ ಹಾಕಿಕೊಂಡ ಪದ್ಧತಿ. ಕಿವಿಗೆ ಹೆಡ್‌ಫೋನ್ ಹಾಕಿ ಮೊದಲಿಂದ ಕೊನೆಯವರೆಗೆ ಕೇಳಿ, ರಿಜಿಸ್ಟರಿನಲ್ಲಿ ಟೇಪಿನ ಸಂಖ್ಯೆ, ಯಾರ ದನಿ, ಎಷ್ಟು ನಿಮಿಷ ಎಂದು ಬರೆದು, ಕೊನೆಯ ಕಾಲಮ್ಮಿನಲ್ಲಿ 'ಕೇಳಿ ಅಳಿಸಿದೆ' ಎಂದು ರುಜು ಹಾಕುತ್ತಿದ್ದಳು.

"ಯಾಕಕ್ಕಾ ಈ ತಾಪತ್ರಯ?" ಎಂದು ನಾನೊಮ್ಮೆ ಕೇಳಿದ್ದೆ.

"ಪ್ರಸಾರ ಆಗೋವಾಗ ಜನ ಅಡುಗೆ ಮಾಡ್ತಾ, ಮಕ್ಕಳನ್ನ ಬೈತಾ ಅರ್ಧಂಬರ್ಧ ಕೇಳಿರ್ತಾರೆ ಕಣೇ," ಎಂದಳು. "ಹೋಗೋ ಮುಂಚೆ ಒಬ್ಬರಾದ್ರೂ ಪೂರ್ತಿ ಕೇಳ್ಬೇಡ್ವಾ?"

ಸಹಾಯಕ್ಕೆ ಬಂದ ಗುಮಾಸ್ತರು ಯಾರಾದರೂ ಕೇಳದೆಯೇ 'ಕೇಳಿ ಅಳಿಸಿದೆ' ಎಂದು ಬರೆದರೆ ಮುಗಿಯಿತು ಅವರ ಕತೆ. "ಹನ್ನೆರಡನೇ ನಿಮಿಷದಲ್ಲಿ ಏನಿತ್ತು, ಹೇಳು ನೋಡೋಣ," ಎಂದು ಹಿಡಿದು ನಿಲ್ಲಿಸುತ್ತಿದ್ದಳು. "ಗೊತ್ತಿಲ್ವಾ? ಹಾಗಾದ್ರೆ ಯಾಕೆ ಬರೆದೆ? ರಿಜಿಸ್ಟರಲ್ಲಿ ಒಂದು ಸುಳ್ಳು ಬಂದ್ರೆ ಉಳಿದಿದ್ದೂ ಸುಳ್ಳೇ ಆಗುತ್ತೆ." ನಾನೂ ಒಂದೆರಡು ಸಲ ಉಗಿಸಿಕೊಂಡಿದ್ದೇನೆ. ಅವಳ ಬಾಯಿಗೆ ಹೆದರದವರು ನಮ್ಮ ನಿಲಯದಲ್ಲಿ ಇರಲಿಲ್ಲ.

ಅವಳು ಸೇರಿದ ವರ್ಷವೇ ಕೆಲಸಕ್ಕೆ ಸೇರಿದವರು ಕಾಗದದ ಮಾವ. ಕೇಳುಗರು ಬರೆದ ಪತ್ರಗಳನ್ನು ಪ್ರತಿ ವಾರ ಮಧ್ಯಾಹ್ನ ಒಂದು ಗಂಟೆಗೆ ಓದಿ ಉತ್ತರ ಹೇಳುವುದು ಅವರ ಕಾರ್ಯಕ್ರಮ. ಅತ್ತೆ ಬೈದರೆಂದು ಬರೆದವರು, ಪರೀಕ್ಷೆಯಲ್ಲಿ ಫೇಲಾದವರು, ಕಳೆದುಹೋದ ಬೆಕ್ಕಿಗಾಗಿ ಅತ್ತವರು, ಎಲ್ಲರಿಗೂ ಮಾವ ಬೇಕು. ಅವರ ಮುಂದಿನ ಹಲ್ಲುಗಳ ನಡುವೆ ಸಣ್ಣ ಸಂದಿ ಇತ್ತು. 'ಸ' ಎಂದಾಗಲೆಲ್ಲ ಅಲ್ಲಿಂದ ಒಂದು ಎಳೆ ಸಿಳ್ಳೆ ಹೊರಡುತ್ತಿತ್ತು. ಮೈಕಿಗೆ ಅದು ಬಡಿಯದಿರಲೆಂದು ಎಂಜಿನಿಯರುಗಳು ಮೈಕನ್ನು ಒಂದು ಬೆರಳಿನಷ್ಟು ಓರೆ ಮಾಡಿಡುತ್ತಿದ್ದರು. ಆದರೂ ಸಿಳ್ಳೆ ನುಸುಳುತ್ತಿತ್ತು. ನಾನು ಆಗ ಶಾಲೆಗೆ ಹೋಗುತ್ತಿದ್ದ ಹುಡುಗಿ. ಆ ಸಿಳ್ಳೆ ಕೇಳಿದರೆ ಮನೆಗೆ ನೆಂಟರು ಬಂದಷ್ಟು ಖುಷಿಯಾಗುತ್ತಿತ್ತು.

ಒಂಬತ್ತು ವರ್ಷ ನಡೆಸಿದರು. ಹತ್ತನೆಯ ವರ್ಷ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟರು. ವಯಸ್ಸು ನಲವತ್ತೊಂದು, ಮನೆಯಲ್ಲಿ ಒಂಬತ್ತು ತಿಂಗಳ ಮಗಳು. ಆಗಿನ ನಿರ್ದೇಶಕರು ಒಳ್ಳೆಯವರು, ಉಳಿದಿದ್ದ ಎಂಟು ಟೇಪುಗಳ ಮೇಲೆ 'ಇಡಿ' ಎಂದು ಬರೆದರು.

ನಾಲ್ಕು ವರ್ಷ ಇಟ್ಟರು. ಅಷ್ಟರಲ್ಲಿ ಪರದೇಶದ ಟೇಪು ಬರುವುದು ನಿಂತಿತು. ಹೊಸ ನಿರ್ದೇಶಕರು ಬಂದಿದ್ದರು. ನಾಯಕರ ಭಾಷಣ ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿ ಎಂದು ಆಜ್ಞೆ ಹೊರಡಿಸಿದರು. ಟೇಪಕ್ಕ ಮೂರು ಸಲ ಅವರ ಕೋಣೆಗೆ ಹೋಗಿ ನಿಂತಳು. ಮೂರನೆಯ ಸಲ ಅವರು, "ಸತ್ತವರ ದನಿ ಇಟ್ಕೊಂಡು ಬದುಕಿರೋರ ಬಾಯಿ ಮುಚ್ಚಿಸೋಕಾಗುತ್ತೇನಮ್ಮಾ?" ಎಂದರಂತೆ. ಅವಳು ವಾಪಸು ಬಂದು ಗಡಿಯಾರ ಬಿಚ್ಚಿಟ್ಟಳು. ಆ ರಿಜಿಸ್ಟರನ್ನು ನಾನು ಈಚೆಗೆ ನೋಡಿದೆ. ಕಾಗದದ ಮಾವ, ಮೂವತ್ತು ನಿಮಿಷ, ಕೇಳಿ ಅಳಿಸಿದೆ. ಹಾಗೆ ಏಳು ಸಾಲು, ಒಂದೇ ಕೈಬರಹ. ಎಂಟನೆಯದಕ್ಕೆ ಬರುವಾಗ ಒಲೆ ಸುಟ್ಟು ಹೊಗೆ ಬಂತು. ಅದರ ಬಿಡಿಭಾಗ ಬರಲು ಎರಡು ತಿಂಗಳು. ಅಲ್ಲಿಯವರೆಗೆ ಹಳೆಯದರ ಮೇಲೆಯೇ ಹೊಸದನ್ನು ಧ್ವನಿಮುದ್ರಿಸಿ, ಹೊಸದು ಮುಗಿದ ಮೇಲೆ ಉಳಿದ ಬಾಲವನ್ನು ಖಾಲಿ ಓಡಿಸಿ ಒರಸಬೇಕೆಂದು ಆಯಿತು. ಎಂಟನೆಯ ಟೇಪಿನ ಮೇಲೆ ಒಬ್ಬ ಹಲ್ಲಿನ ಡಾಕ್ಟರು ಬಂದು ಹದಿನೈದು ನಿಮಿಷ ಮಾತಾಡಿ ಹೋದರು. ಉಳಿದ ಹದಿನೈದು ನಿಮಿಷ ಮಾವನದೇ.

ಆ ಬಾಲವನ್ನು ಟೇಪಕ್ಕ ಒರಸಲಿಲ್ಲ. ಕೈ ಬರಲಿಲ್ಲ. ಡಾಕ್ಟರ ಮಾತು ಮುಗಿದ ತಕ್ಷಣ ಡ್ಯೂಟಿಯಲ್ಲಿರುವ ಉದ್ಘೋಷಕಿ ಹೇಗೂ ಟೇಪು ನಿಲ್ಲಿಸುತ್ತಾಳೆ, ಆಮೇಲೆ ನೋಡಿದರಾಯಿತು ಎಂದುಕೊಂಡಳು.

ಆ ಉದ್ಘೋಷಕಿ ನಾನೇ. ಕೆಲಸಕ್ಕೆ ಸೇರಿ ಮೂರು ತಿಂಗಳು, ಇನ್ನೂ ಕಾಯಂ ಆಗಿರಲಿಲ್ಲ. ಡಾಕ್ಟರು, "ದಿನಕ್ಕೆರಡು ಬಾರಿ ಹಲ್ಲುಜ್ಜಿ, ನಮಸ್ಕಾರ," ಎಂದರು. ನಾನು ದನಿಯ ಗುಂಡಿ ಇಳಿಸುವುದರಲ್ಲಿದ್ದೆ. ಅಷ್ಟರಲ್ಲಿ, "ಅಲ್ಲಮ್ಮಾ, ಇಷ್ಟಕ್ಕೆಲ್ಲ ಅಳೋದಾ? ಕಣ್ಣೊರಸ್ಕೋ. ಸಂಜೆ ಸೊಸೆ ಹತ್ರ ಕೂತು ಸಮಾಧಾನವಾಗಿ ಮಾತಾಡು, ಸರಿಹೋಗುತ್ತೆ. ನಾನಿದ್ದೀನಲ್ಲ," ಎಂದು ಬಂತು. ನನ್ನ ಕೈ ಗುಂಡಿಯ ಮೇಲೆಯೇ ಕಲ್ಲಾಯಿತು. ಸತ್ತು ನಾಲ್ಕು ವರ್ಷವಾದ ಮನುಷ್ಯ ಇಡೀ ದೇಶಕ್ಕೆ ನಾನಿದ್ದೀನಿ ಎಂದು ಹನ್ನೊಂದು ಸೆಕೆಂಡು ಹೇಳಿದ ಮೇಲೆ ನನಗೆ ಎಚ್ಚರವಾಯಿತು. ಆ ವಾರ ಮೂರು ಚೀಲ ಪತ್ರ ಬಂದವು. ಮಾವ ಬದುಕಿದ್ದಾರಾ ಎಂದು ಕೇಳಿದವರೇ ಅರ್ಧ.

ನಿರ್ದೇಶಕರು ಕೆಂಡವಾದರು. ನನ್ನ ಕೆಲಸ ಹೋಯಿತೆಂದೇ ಲೆಕ್ಕ ಹಾಕಿ ಮನೆಯಲ್ಲಿ ಏನು ಹೇಳಲಿ ಎಂದು ಅಳುತ್ತಾ ಕೂತಿದ್ದೆ. ಟೇಪಕ್ಕ ನೇರ ಹೋಗಿ, ಬಾಲ ಒರಸದೆ ಕೊಟ್ಟದ್ದು ನನ್ನ ತಪ್ಪು, ಆ ಹುಡುಗಿಯದಲ್ಲ ಎಂದಳು. ಮೆಮೋ ಅವಳಿಗೆ ಬಂತು, ಮೂವತ್ತಾರು ವರ್ಷದ ನೌಕರಿಯಲ್ಲಿ ಅದೊಂದೇ ಮೆಮೋ. ಅದಕ್ಕೆ ಅವಳು ಕೊಟ್ಟ ಉತ್ತರ ಒಂದೇ ಸಾಲು. ಸದರಿ ಟೇಪನ್ನು ಪೂರ್ಣವಾಗಿ ಅಳಿಸಲಾಗಿದೆ.

ಅವಳು ಉತ್ತರ ಕೊಟ್ಟ ಮರುದಿನ ಮಾವನ ಹೆಂಡತಿ ಮಗಳನ್ನು ಎತ್ತಿಕೊಂಡು ನಿಲಯಕ್ಕೆ ಬಂದರು. ಮಗು ನಿದ್ದೆ ಹೋಗಿತ್ತು, ಕಾಲಿನ ಒಂದು ಚಪ್ಪಲಿ ಎಲ್ಲೋ ಬಿದ್ದುಹೋಗಿತ್ತು. ಅಡುಗೆಮನೆಯಲ್ಲಿ ರೇಡಿಯೋ ಹಾಕಿದ್ದರಂತೆ. "ಇನ್ನೊಂದು ಸಲ ಕೇಳಿಸ್ತೀರಾ? ಈ ಮಗು ಕೇಳಿಲ್ಲ," ಎಂದರು. ನಿರ್ದೇಶಕರು ಟೇಪಕ್ಕನ ಉತ್ತರ ತೋರಿಸಿ, ಅದನ್ನೇ ಸರ್ಕಾರಿ ಕಾಗದದ ಮೇಲೆ ಟೈಪ್ ಮಾಡಿಸಿ ಮುದ್ರೆ ಒತ್ತಿ ಕೊಟ್ಟರು. ಆಕೆ ಅದನ್ನು ಮಡಿಸಿಕೊಂಡು ಹೋದರು. ಮುಂದೆ ಊರು ಬಿಟ್ಟರೆಂದು ಕೇಳಿದೆವು.

ಕಾಲ ಓಡಿತು. ಟೆಲಿವಿಷನ್ ಬಂದು ನಮ್ಮ ಮೇಲಿನ ಎರಡು ಮಹಡಿಗಳನ್ನೂ ಒಳ್ಳೆಯ ಕುರ್ಚಿಗಳನ್ನೂ ಒಯ್ದಿತು. ಕ್ಯಾಸೆಟ್ ಬಂತು, ಖಾಸಗಿ ಚಾನೆಲ್ಲುಗಳು ಬಂದವು. ಅಲ್ಲಿ ಎಲ್ಲರೂ ಸದಾ ನಗುತ್ತಲೇ ಇರುತ್ತಾರೆ, ಯಾತಕ್ಕೆಂದು ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮದು ಇನ್ನು ಮುಚ್ಚುತ್ತದೆ ಎಂದು ಹತ್ತು ವರ್ಷಕ್ಕೊಮ್ಮೆ ಯಾರಾದರೂ ಹೇಳುತ್ತಿದ್ದರು. ಪ್ರವಾಹ ಬಂದಾಗ, ಕರೆಂಟು ಹೋದಾಗ ಮತ್ತೆ ನಮ್ಮನ್ನೇ ಹಾಕಿಕೊಂಡು ಕೂರುತ್ತಿದ್ದರು. ಟೇಪಕ್ಕ ಕೆಳಗೆ ಕೂತು ಕೇಳಿ, ಬರೆದು, ಅಳಿಸುತ್ತಲೇ ಇದ್ದಳು. ಅವಳ ನಲವತ್ತು ರಿಜಿಸ್ಟರುಗಳು ಇಲ್ಲದಿದ್ದರೆ ನನ್ನ ಚರಿತ್ರೆಯ ಪುಸ್ತಕ ಫೋಟೋ ಆಲ್ಬಮ್ ಆಗಿರುತ್ತಿತ್ತು. ನಮ್ಮ ರೇಡಿಯೋ ಏನೇನು ಮಾತಾಡಿತ್ತು ಎಂದು ಈಗ ಗೊತ್ತಿರುವುದು ಅವಳು ಬರೆದಿಟ್ಟದ್ದರಿಂದಲೇ. ಬೀಳ್ಕೊಡುಗೆಯ ದಿನ ಯಾರೋ, "ಒಂದೇ ಒಂದು ಸುಳ್ಳು ಅಕ್ಷರ ಬರೆಯದ ಕೈ," ಎಂದು ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಅವಳು ತನ್ನ ಚಪ್ಪಲಿ ನೋಡುತ್ತಾ ಕೂತಿದ್ದಳು. ಸಂಕೋಚ ಅಂದುಕೊಂಡೆ.

ಎಪ್ಪತ್ತೈದನೆಯ ವರ್ಷದ ಸಂಭ್ರಮಕ್ಕೆ ಇನ್ನೊಂದು ವಾರವಿರುವಾಗ ನನ್ನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಂದಳು. ನಲವತ್ತು ದಾಟಿದ ವಯಸ್ಸು, ಬೇರೆ ಊರಿನಲ್ಲಿ ಕನ್ನಡಕದ ಅಂಗಡಿ. ಕೈಯಲ್ಲಿ ಮಡಿಕೆ ಮಡಿಕೆಯಲ್ಲೂ ಹರಿಯುತ್ತಿದ್ದ ಒಂದು ಸರ್ಕಾರಿ ಕಾಗದ. ನಾನು ಓದಿ ಅಲ್ಲೇ ಕೂತೆ. ಅಮ್ಮ ತೀರಿಕೊಂಡು ಎಂಟು ತಿಂಗಳಾಯಿತು, ಅವಳ ಪೆಟ್ಟಿಗೆಯಲ್ಲಿ ಇದು ಸಿಕ್ಕಿತು ಎಂದಳು. "ಸಿಕ್ಕಿದವರೆಲ್ಲ ನಿಮ್ಮಪ್ಪನ ದನಿ ಹಾಗಿತ್ತು ಹೀಗಿತ್ತು ಅಂತಾರೆ. ಇಡೀ ದೇಶ ಕೇಳಿದೆ, ನಾನೊಬ್ಬಳೇ ಕೇಳಿಲ್ಲ. ಎಲ್ಲಾದ್ರೂ ಒಂದು ಚೂರು ಉಳಿದಿದ್ಯಾ?"

ಗೊತ್ತಿದ್ದರೆ ಟೇಪಕ್ಕನಿಗೇ ಗೊತ್ತಿರಬೇಕು. ಅವಳ ಮನೆಗೆ ಕರೆದುಕೊಂಡು ಹೋದೆ. ಎಪ್ಪತ್ಮೂರು ವರ್ಷದ ಟೇಪಕ್ಕ ಬಾಗಿಲು ತೆರೆದಳು, ಕಾಫಿ ಕೊಟ್ಟಳು, ಕಾಗದ ಓದಿದಳು. ಓದಿ ಮುಗಿಸಲು ಬೇಕಾದ್ದಕ್ಕಿಂತ ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ, "ಅಮ್ಮ ಏನಂತಿದ್ರು ಅಪ್ಪನ ಬಗ್ಗೆ?" ಎಂದು ಕೇಳಿದಳು.

"ಏನೂ ಅಂತಿರ್ಲಿಲ್ಲ. ಮಾತು ತೆಗೆದ್ರೆ ಎದ್ದು ಹೋಗ್ತಿದ್ಳು. ದಿನಾ ಸಂಜೆ ನನ್ನ ಕೂರಿಸ್ಕೊಂಡು ಪೇಪರ್ ಓದಿಸ್ತಿದ್ಳು, ಅಷ್ಟೇ. ಅವಳಿಗೇನು ಕಣ್ಣು ಕಾಣದೇ ಇರ್ಲಿಲ್ಲ. ಶಾಲೇಲಿ ನನ್ನ ಮಾತು ಸರಿಯಿಲ್ಲ, ತಿದ್ದಿಸಿ ಅಂತ ಹೇಳಿ ಕಳಿಸಿದ್ರೆ ಇವಳು ಟೀಚರ್ ಜೊತೆ ಜಗಳಕ್ಕೇ ಹೋಗಿದ್ಳು. ತಿದ್ದೋದು ಬೇಡ, ಹಾಗೇ ಇರ್ಲಿ ಅಂತ. ಮಕ್ಕಳೆಲ್ಲ ನನ್ನ ಸಿಳ್ಳೆ ಸಿಳ್ಳೆ ಅಂತ ಆಡಿಸ್ತಿದ್ರು. ಅಮ್ಮನ ಮೇಲೆ ನಂಗೆ ಆ ಸಿಟ್ಟು ಕೊನೇವರೆಗೂ ಹೋಗ್ಲಿಲ್ಲ."

ಟೇಪಕ್ಕ ಕಪ್ಪು ಕೆಳಗಿಟ್ಟಳು. "ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ," ಎಂದಳು. ಮಗಳು ಹೇಳಿದಳು. ಟೇಪಕ್ಕ ಮತ್ತೂ ಒಂದು ಸಲ ಹೇಳಿಸಿದಳು. ಟೇಪಕ್ಕನ ಕಿವಿ ಹೇಗಿದೆಯೆಂದು ನನಗೆ ಗೊತ್ತು, ಪಕ್ಕದ ಮನೆಯ ನಲ್ಲಿ ತೊಟ್ಟಿಕ್ಕಿದರೂ ಎದ್ದು ಹೋಗಿ ಹೇಳಿ ಬರುತ್ತಾಳೆ. ಆ 'ಸ' ನನಗೂ ಕೇಳಿಸಿತ್ತು. ಆದರೆ ನಿಮ್ಮಪ್ಪನೂ ಹೀಗೇ ಎನ್ನುತ್ತಿದ್ದರು ಎಂದು ಬರಿಗೈಯಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ.

"ಉಳಿದಿದೆಯಾ?" ಎಂದಳು ಮಗಳು ಕೊನೆಗೆ.

ಟೇಪಕ್ಕ ಕಾಗದ ಮಡಿಸಿ ಅವಳ ಕೈಗೆ ಕೊಟ್ಟಳು. "ಅದರಲ್ಲಿ ಬರೆದಿರೋದೇ," ಎಂದಳು.

ಹೊರಡುವಾಗ ನಾನು ಮಾತಿಗೆ, ಭಂಡಾರವನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಾಯಿತು, ಯಂತ್ರ ಸರಿಯಿದೆಯೇ ಎಂದು ನೋಡುವ ಪರೀಕ್ಷೆಯ ಟೇಪು ಅದು ಇದು ಎಂದು ಬೇಡದ್ದನ್ನೆಲ್ಲ ಸೋಮವಾರ ಗುಜರಿಗೆ ಕೊಡುತ್ತಾರಂತೆ ಎಂದೆ. ಅವಳು ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಏಳಕ್ಕೇ ಫೋನು. "ಆ ಹುಡುಗೀನ ಕರ್ಕೊಂಡು ಸ್ಟೇಷನ್ನಿಗೆ ಬಾ. ಈಗಲೇ ಬಾ." ನಾವು ಹೋಗುವಷ್ಟರಲ್ಲಿ ನಿಲಯದ ಮುಂದಿನ ಹಾಲಿನಲ್ಲಿ ಟೇಪಕ್ಕ ನಿಂತಿದ್ದಳು. ಹೆಗಲಲ್ಲಿ ಕೆಲಸಕ್ಕೆ ಬರುತ್ತಿದ್ದ ಕಾಲದ ಅದೇ ಕಂದು ಚೀಲ, ಕೈಯಲ್ಲಿ ಹಾಳೆಯೊಂದು. ಎದುರಿಗೆ ಈಗಿನ ನಿರ್ದೇಶಕಿ, ಮೂವತ್ತೆಂಟರ ಹುಡುಗಿ, ಏನು ಮಾಡಬೇಕೆಂದು ತಿಳಿಯದೆ ನೋಡುತ್ತಿದ್ದಳು.

ಟೇಪಕ್ಕ ಮಗಳ ಕಡೆ ತಿರುಗಿದಳು. "ನಾನು ನಿನ್ನೆ ಸುಳ್ಳು ಹೇಳಿದೆ. ಮೂವತ್ತೆಂಟು ವರ್ಷದ ಹಿಂದೇನೂ ಸುಳ್ಳು ಬರೆದೆ. ಟೇಪು ಇದೆ. ಪರೀಕ್ಷೆ ಟೇಪಿನ ಡಬ್ಬೀಲಿ ಹಾಕಿ, ಮುಟ್ಟಬಾರದು ಅಂತ ಚೀಟಿ ಅಂಟಿಸಿಟ್ಟಿದ್ದೆ. ಅದರಲ್ಲಿ ಬರೀ ಕುಂಯ್ ಅಂತ ಇರುತ್ತೆ ಅಂತ ಯಾರೂ ತೆಗೆಯಲ್ಲ."

"ಅಮ್ಮ ಬಂದಿದ್ಳಲ್ಲ," ಎಂದಳು ಮಗಳು.

"ಬಂದಿದ್ರು. ನಾನು ಆ ಕಂಬದ ಹಿಂದೆ ನಿಂತಿದ್ದೆ. ಹೇಳಿದ್ರೆ ಕೆಲಸ ಹೋಗುತ್ತೆ, ಟೇಪೂ ಹೋಗುತ್ತೆ ಅನ್ನಿಸ್ತು. ಸ್ವಲ್ಪ ದಿನ ಬಿಟ್ಟು ಮನೆಗೆ ಹೋಗಿ ಹೇಳೋಣ ಅಂದ್ಕೊಂಡೆ. ಹೋಗೋ ಹೊತ್ತಿಗೆ ನೀವು ಊರು ಬಿಟ್ಟಿದ್ರಿ. ಹುಡುಕಬೇಕಿತ್ತು, ಹುಡುಕಲಿಲ್ಲ. ಎಲ್ಲರಿಗೂ ಸುಳ್ಳು ಬರೀಬೇಡಿ ಅಂತ ಬೈಕೊಂಡು ಓಡಾಡ್ತಿದ್ದೆ, ಈಗ ಹೇಗೆ ಹೇಳ್ಲಿ ಅಂತ ಸುಮ್ಮನಿದ್ದೆ. ಕ್ಷಮಿಸಿ ಅನ್ನೋಕೂ ನಂಗೆ ಮುಖ ಇಲ್ಲ."

ಹಾಳೆಯಲ್ಲಿ ಅದನ್ನೇ ಬರೆದು ರುಜು ಹಾಕಿದ್ದಳು. ನಿರ್ದೇಶಕಿ, "ಅಯ್ಯೋ, ಇದನ್ನೆಲ್ಲ ಈಗ ಯಾರು ಕೇಳ್ತಾರಮ್ಮಾ," ಎಂದು ನಕ್ಕರೆ, "ಫೈಲಿಗೆ ಹಾಕಿ, ಮುದ್ರೆ ಒತ್ತಿ," ಎಂದು ಟೇಪಕ್ಕ ಪಟ್ಟು ಹಿಡಿದಳು. ಮುದ್ರೆ ಒತ್ತಿಸಿಯೇ ಬಿಟ್ಟಳು. ಆಮೇಲೆ ನೆಲಮಾಳಿಗೆಗೆ ಇಳಿದು ಆ ಡಬ್ಬಿ ತಂದಳು.

ಕೆಲಸ ಮಾಡುವ ಟೇಪು ಯಂತ್ರ ಉಳಿದಿದ್ದದ್ದು ಒಂದೇ, ಅದೂ ಸಂಭ್ರಮದ ಪ್ರದರ್ಶನಕ್ಕೆಂದು ಹಾಲಿನಲ್ಲಿ ಹಗ್ಗ ಕಟ್ಟಿ ಇಟ್ಟದ್ದು. ಎಂಜಿನಿಯರು ಹಗ್ಗ ಬಿಚ್ಚಿ, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಯಂತ್ರ ಒರಸಿ, ಕಂಪ್ಯೂಟರಿಗೂ ತಂತಿ ಜೋಡಿಸಿದ. ಟೇಪಕ್ಕ ಗಡಿಯಾರ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು. ಅದರ ಅಗತ್ಯವೇನೂ ಇರಲಿಲ್ಲ, ಅಭ್ಯಾಸ. ಮುಂದಕ್ಕೆ ಓಡಿಸೋಣವಾ ಎಂದ ಎಂಜಿನಿಯರಿಗೆ, "ಹಳೇ ಟೇಪು, ತುಂಡಾದ್ರೆ ನೀನು ಕೊಡ್ತೀಯಾ? ಮೊದಲಿಂದ ಬಿಡು," ಎಂದು ಗದರಿದಳು.

ಹೀಗೆ ನಾವೆಲ್ಲ ಹದಿನೈದು ನಿಮಿಷ ಹಲ್ಲಿನ ಡಾಕ್ಟರ ಮಾತು ಕೇಳಬೇಕಾಯಿತು. ಹಲ್ಲು ಹೇಗೆ ಉಜ್ಜಬೇಕು, ಒಸಡು ಹೇಗೆ ತಿಕ್ಕಬೇಕು, ಸಿಹಿ ಎಷ್ಟು ತಿನ್ನಬೇಕು. ಮಗಳು ಟೇಪಕ್ಕನಿಂದ ನಾಲ್ಕು ಕುರ್ಚಿ ಆಚೆ ಕೈಕಟ್ಟಿ ಕೂತಿದ್ದಳು, ಅವಳ ಕಡೆ ಒಮ್ಮೆಯೂ ನೋಡಲಿಲ್ಲ. ಟೇಪಕ್ಕ ನೆಲ ನೋಡುತ್ತಿದ್ದಳು. ಕೊನೆಗೂ ಡಾಕ್ಟರು ನಮಸ್ಕಾರ ಎಂದರು.

"ಅಲ್ಲಮ್ಮಾ, ಇಷ್ಟಕ್ಕೆಲ್ಲ ಅಳೋದಾ? ಕಣ್ಣೊರಸ್ಕೋ. ಸಂಜೆ ಸೊಸೆ ಹತ್ರ ಕೂತು ಸಮಾಧಾನವಾಗಿ ಮಾತಾಡು, ಸರಿಹೋಗುತ್ತೆ. ನಾನಿದ್ದೀನಲ್ಲ."

ಮಗಳ ಕೈ ತನ್ನ ಬಾಯಿಗೆ ಹೋಯಿತು. ಬೆರಳು ಮುಂದಿನ ಹಲ್ಲುಗಳ ಸಂದಿ ಹುಡುಕಿತು. "ಸಂಜೆ," ಎಂದಳು ಮೆಲ್ಲಗೆ. "ಸೊಸೆ. ಸಮಾಧಾನ." ಮಾವ ಮುಂದಿನ ಪತ್ರಕ್ಕೆ ಹೋಗಿದ್ದರು, ಯಾರದೋ ಕಳೆದುಹೋದ ಬೆಕ್ಕಿನ ವಿಷಯ. ಒಂದೊಂದು 'ಸ' ಬಂದಾಗಲೂ ಅವಳ ತುಟಿ ಅಲ್ಲಾಡುತ್ತಿತ್ತು.

"ಅಮ್ಮ ನನ್ನ ಕೈಲಿ ಪೇಪರ್ ಓದಿಸ್ತಿದ್ದದ್ದು..." ಎಂದವಳು ತಿರುಗುವ ಸುರುಳಿಯ ಕಡೆ ಕೈ ತೋರಿದಳು. ಆಮೇಲೆ, "ನಾನು ಎಷ್ಟು ಬೈದಿದ್ದೀನಿ ಅವಳನ್ನ," ಎಂದಳು. ಹದಿನೈದು ನಿಮಿಷವೂ ಅತ್ತಳು, ನಡುವೆ ಬೆಕ್ಕಿನ ವಿಷಯಕ್ಕೆ ನಕ್ಕಳು ಕೂಡ. ನಾನೂ ಅತ್ತೆ, ಅದನ್ನು ಮುಚ್ಚಿಡುವುದೇನಿದೆ. ಟೇಪಿನ ತುದಿ ಬಿಚ್ಚಿಕೊಂಡು ಪಟಪಟ ಬಡಿಯತೊಡಗಿದಾಗ ಟೇಪಕ್ಕ ಎದ್ದು ಹೋಗಿ ಸುರುಳಿಯನ್ನು ಅಂಗೈಯಿಂದ ತಡೆದು ನಿಲ್ಲಿಸಿದಳು.

"ಇನ್ನೊಂದ್ಸಲ," ಎಂದಳು ಮಗಳು.

"ಕಂಪ್ಯೂಟರಲ್ಲಿ ಬಂದಿದೆ ಮೇಡಂ," ಎಂದ ಎಂಜಿನಿಯರು ಉತ್ಸಾಹದಿಂದ. "ಡಾಕ್ಟರನ್ನ ಬಿಟ್ಟು ನೇರ ನಿಮ್ಮ ತಂದೆಯಿಂದಲೇ ಹಾಕ್ತೀನಿ."

"ಬೇಡ." ಅವಳು ಟೇಪಕ್ಕನನ್ನು ನೋಡಿದಳು, ಆ ಬೆಳಿಗ್ಗೆಯಿಂದ ಮೊದಲ ಸಲ. "ಇವರು ಕೇಳ್ತಿದ್ದ ಹಾಗೇ ಕೇಳ್ತೀನಿ. ಪೂರ್ತಿ."

ಎದ್ದು ಬಂದು ಟೇಪಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಳು. ಟೇಪಕ್ಕ ಟೇಪನ್ನು ಹಿಂದಕ್ಕೆ ಸುತ್ತಿ ಬಂದು ಕೂತಳು. ಹಲ್ಲಿನ ಡಾಕ್ಟರು ಮತ್ತೆ ಮೊದಲಿಂದ ಶುರುಮಾಡಿದರು, ನಾವು ಮೂವರೂ ಕೇಳಿದೆವು.